ನೈಟ್ ವಿಷನ್ ಕೊಳ್ಳಬೇಕೇ, ಥರ್ಮಲ್ ಕೊಳ್ಳಬೇಕೇ? ಎರಡು ಬಿಳಿ ಚುಕ್ಕೆಗಳ ರಾತ್ರಿ

ಈಗ ನೀವು ನೋಡುತ್ತಿರುವುದು ಗೋಡೆಯ ಮೇಲಿನ ಒಂದು ಅಂಗೈ ಗುರುತು. ಬಣ್ಣ ಹಚ್ಚಿಲ್ಲ, ಒದ್ದೆ ಕೈ ಒತ್ತಿಲ್ಲ. ದೀಪ ಆರಿಸಿದ ಕೋಣೆಯಲ್ಲಿ ಹತ್ತು ಸೆಕೆಂಡು ಗೋಡೆಗೆ ಕೈಯಾನಿಸಿ ತೆಗೆದೆ, ಅಷ್ಟೇ. ಐದೂ ಬೆರಳು ಬೆಳ್ಳಗೆ ಹೊಳೆಯುತ್ತಿವೆ. ಸ್ವಲ್ಪ ತಾಳಿ. ಅಂಚುಗಳು ಕರಗುತ್ತಿವೆ, ಬೆರಳುಗಳು ಸಪೂರವಾಗುತ್ತಿವೆ, ಅಂಗೈಯ ಬುಡ ಮಾತ್ರ ಮಸುಕಾಗಿ ಉಳಿದಿದೆ. ಈಗ ಅದೂ ಹೋಯಿತು. ನನ್ನ ಕೈ ಕೊಟ್ಟ ಬಿಸಿ ಗೋಡೆಯೊಳಗೆ ಹರಡಿಕೊಂಡಿತು. ಇದು ಥರ್ಮಲ್ ಕ್ಯಾಮೆರಾ ಕಂಡ ಗೋಡೆ.

ಅದೇ ಗೋಡೆ, ಅದೇ ಕತ್ತಲು, ಈಗ ನೈಟ್ ವಿಷನ್. ಕೈಗುರುತಿನ ಸುಳಿವೂ ಇಲ್ಲ. ಆದರೆ ಗೋಡೆಯ ಬಣ್ಣದಲ್ಲಿ ಬಿದ್ದ ಬಿರುಕು ಕಾಣುತ್ತಿದೆ, ಮೊಳೆಗೆ ತೂಗುಹಾಕಿದ ಕ್ಯಾಲೆಂಡರಿನ ಅಂಕಿಗಳನ್ನು ಒಂದೊಂದಾಗಿ ಓದಬಹುದು. ಥರ್ಮಲ್‌ನಲ್ಲಿ ಆ ಕ್ಯಾಲೆಂಡರ್ ಬರೀ ಬೂದು ಬಣ್ಣದ ಆಯತವಾಗಿತ್ತು.

ರಾತ್ರಿ ನೋಡುವ ಸಾಧನ ಕೊಳ್ಳಲು ಹೊರಟವರಿಗೆ ಮೊದಲು ತೋರಿಸಬೇಕಾದದ್ದು ಈ ಗೋಡೆಯನ್ನೇ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಇವೆರಡನ್ನೂ ಒಂದೇ ವಸ್ತುವಿನ ಅಗ್ಗದ ಮಾದರಿ, ದುಬಾರಿ ಮಾದರಿ ಎಂದು ತಿಳಿದವರು ಬಹಳ. ನಾನೂ ಹಾಗೇ ತಿಳಿದಿದ್ದೆ.

ಆ ತಿಳಿವಳಿಕೆ ತಪ್ಪು ಎಂದು ಗೊತ್ತಾದದ್ದು ಒಂದು ಕೆಟ್ಟ ರಾತ್ರಿಯಲ್ಲಿ. ನಮ್ಮ ಮುದಿ ನಾಯಿ ಗೇಟು ದಾಟಿ ಹೋಗಿತ್ತು. ಅದಕ್ಕೆ ಕಿವಿ ಕೇಳಿಸದು, ಕರೆದು ಪ್ರಯೋಜನವಿಲ್ಲ. ಎದುರಿಗೆ ಕುರುಚಲು ಗಿಡಗಳ ದೊಡ್ಡ ಬಯಲು. ಮೋಡ ಕವಿದ ಆಕಾಶ. ನನ್ನ ಬಳಿ ಆಗ ಇದ್ದದ್ದು ಡಿಜಿಟಲ್ ನೈಟ್ ವಿಷನ್. ಅದರ ಇನ್‌ಫ್ರಾರೆಡ್ ದೀಪ ಹಚ್ಚಿದರೆ ಹತ್ತಿರದ ಹುಲ್ಲು ಕಣ್ಣು ಕುಕ್ಕುವಷ್ಟು ಬೆಳಗುತ್ತಿತ್ತು, ಅದರಾಚೆ ಕಪ್ಪು. ಪ್ರತಿ ಪೊದೆಯೂ ಮಲಗಿದ ನಾಯಿಯಂತೆ ಕಾಣುತ್ತಿತ್ತು. ನಲವತ್ತು ನಿಮಿಷ ಹಾಗೆ ಕಳೆದೆ. ಅಷ್ಟರಲ್ಲಿ ಗೆಳೆಯನೊಬ್ಬ ತನ್ನ ಥರ್ಮಲ್ ಮಾನೋಕ್ಯುಲರ್, ಅಂದರೆ ಒಂದೇ ಕಣ್ಣಿಗೆ ಹಿಡಿದು ನೋಡುವ ದುರ್ಬೀನು, ಹಿಡಿದು ಬಂದ. ಎಡದಿಂದ ಬಲಕ್ಕೆ ಒಮ್ಮೆ ನಿಧಾನವಾಗಿ ತಿರುಗಿಸಿದ. ಇಡೀ ಬಯಲಿನಲ್ಲಿ ಎರಡೇ ಎರಡು ಬಿಳಿ ಚುಕ್ಕೆ. ಮೊದಲನೆಯದರ ಕಡೆಗೆ ಓಡಿದೆವು. ಹತ್ತಿರವಾಗುತ್ತಲೇ ಅದು ಚಂಗನೆ ನೆಗೆದು ಹೋಯಿತು. ಮೊಲ. ಎರಡನೆಯದು ತಗ್ಗಿನಲ್ಲಿ ಮುದುಡಿ ಮಲಗಿತ್ತು, ಬೆನ್ನಿನ ಒಂದು ಗೆರೆಯಷ್ಟೇ ಮೇಲೆ ಕಾಣುತ್ತಿತ್ತು. ಅದು ನಮ್ಮದು.

ಆ ರಾತ್ರಿಯಿಂದ ಎರಡು ಮಾತು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿವೆ. ಥರ್ಮಲ್ ಇಲ್ಲದಿದ್ದರೆ ನಾಯಿ ಸಿಗುತ್ತಿರಲಿಲ್ಲ. ಹಾಗೆಯೇ, ಹತ್ತಿರ ಹೋಗುವ ತನಕ ಎರಡು ಚುಕ್ಕೆಗಳಲ್ಲಿ ನಮ್ಮದು ಯಾವುದು ಎಂದು ಹೇಳಲು ಆ ಥರ್ಮಲ್‌ನಿಂದಲೂ ಆಗಲಿಲ್ಲ. ಹುಡುಕುವುದು ಒಂದು ಕೆಲಸ, ಗುರುತು ಹಿಡಿಯುವುದು ಇನ್ನೊಂದು ಕೆಲಸ.

ಹೀಗೇಕೆ ಎಂಬುದಕ್ಕೆ ಒಳಗೆ ನಡೆಯುವುದನ್ನು ಸ್ವಲ್ಪ ನೋಡೋಣ.

ನೈಟ್ ವಿಷನ್ ಕೆಲಸ ಮಾಡುವುದು ಇರುವ ಬೆಳಕಿನ ಮೇಲೆ. ಅದರಲ್ಲಿ ಎರಡು ಬಗೆ, ಟ್ಯೂಬ್ ಇರುವುದು ಮತ್ತು ಡಿಜಿಟಲ್. ಹುಣ್ಣಿಮೆಯ ರಾತ್ರಿ ನೆಲಕ್ಕೆ ಬೀಳುವ ಬೆಳಕು ಸುಮಾರು 0.2 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ). ಚಂದ್ರನಿಲ್ಲದ ತಿಳಿ ಆಕಾಶದಲ್ಲಿ ಅದು 0.001 ಲಕ್ಸ್ ಆಸುಪಾಸಿಗೆ ಇಳಿಯುತ್ತದೆ. ಟ್ಯೂಬ್ ಇರುವ ನೈಟ್ ವಿಷನ್‌ನಲ್ಲಿ ಈ ಚೂರು ಬೆಳಕು ಮೊದಲು ಒಂದು ತೆಳುವಾದ ಪದರಕ್ಕೆ ಬಡಿದು ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಅದರ ಹಿಂದೆ ನಾಣ್ಯದಷ್ಟಗಲದ ಗಾಜಿನ ಬಿಲ್ಲೆ. ಆ ಬಿಲ್ಲೆಯಲ್ಲಿ ಲಕ್ಷಾಂತರ ರಂಧ್ರಗಳು, ಒಂದೊಂದರ ಅಗಲ ಹತ್ತು ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ರಂಧ್ರ ಹೊಕ್ಕ ಎಲೆಕ್ಟ್ರಾನ್ ಗೋಡೆಗೆ ತಾಗಿ ಮತ್ತಷ್ಟನ್ನು ಎಬ್ಬಿಸುತ್ತದೆ, ಅವು ಇನ್ನಷ್ಟನ್ನು. ಒಂದು ಒಳಗೆ ಹೋದರೆ ಸಾವಿರಾರು ಹೊರಬರುತ್ತವೆ. ಅವೆಲ್ಲ ಎಲೆಕ್ಟ್ರಾನ್ ತಾಗಿದರೆ ಹೊಳೆಯುವ ಫಾಸ್ಫರ್ ಪರದೆಗೆ ಬಡಿದಾಗ ಚಿತ್ರ ಮೂಡುತ್ತದೆ. ಬಹುಕಾಲ ಆ ಪರದೆಗಳು ಹಸಿರಾಗಿದ್ದವು, ಹಸಿರಿಗೆ ನಮ್ಮ ಕಣ್ಣು ಚುರುಕು ಎಂಬ ಕಾರಣಕ್ಕೆ. ಈಗ ಬಿಳಿಯವೂ ಬಂದಿವೆ. ನನ್ನ ಕಣ್ಣಿಗೆ ಬಿಳಿಯದೇ ಹಿತ.

ಮೊದಲ, ಎರಡನೆಯ, ಮೂರನೆಯ ತಲೆಮಾರು ಎಂದು ಕೇಳಿರುತ್ತೀರಿ. 1960ರ ದಶಕದ ಮೊದಲ ತಲೆಮಾರಿನ ಟ್ಯೂಬುಗಳಲ್ಲಿ ಈ ರಂಧ್ರದ ಬಿಲ್ಲೆ ಇರಲಿಲ್ಲ, ಎರಡನೆಯದರಲ್ಲಿ ಬಂತು. ಮೂರನೆಯದರಲ್ಲಿ ಮುಂಭಾಗದ ಪದರ ಗ್ಯಾಲಿಯಂ ಆರ್ಸೆನೈಡ್‌ನದ್ದಾಯಿತು. ಈ ಲೆಕ್ಕ ಟ್ಯೂಬುಗಳಿಗೆ ಮಾತ್ರ. ಡಿಜಿಟಲ್ ಸಾಧನದ ಪೆಟ್ಟಿಗೆಯ ಮೇಲೆ ತಲೆಮಾರಿನ ಸಂಖ್ಯೆ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ.

ಡಿಜಿಟಲ್ ಎಂದರೆ ಮೊಬೈಲ್ ಕ್ಯಾಮೆರಾದಲ್ಲಿರುವಂಥದ್ದೇ ಸಿಲಿಕಾನ್ ಸೆನ್ಸರ್, ಜೊತೆಗೆ ನಮ್ಮ ಕಣ್ಣಿಗೆ ಕಾಣದ ಬೆಳಕಿನ ಟಾರ್ಚು. 850 ನ್ಯಾನೋಮೀಟರ್ ತರಂಗಾಂತರದ ದೀಪ ದೂರಕ್ಕೆ ಹೋಗುತ್ತದೆ, ಆದರೆ ದೀಪದ ಮುಖ ನೋಡಿದರೆ ಮಂದವಾದ ಕೆಂಪು ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಅಷ್ಟು ದೂರವೂ ಹೋಗುವುದಿಲ್ಲ. ನನ್ನ ಆ ರಾತ್ರಿಯ ಸೋಲಿಗಾಗಿ ಡಿಜಿಟಲ್ ಅನ್ನು ತಳ್ಳಿಹಾಕಬೇಡಿ. ಹಗಲಿನಲ್ಲೂ ನಡೆಯುತ್ತದೆ, ವಿಡಿಯೊ ದಾಖಲಿಸುತ್ತದೆ. ಅಂಗಳದ ಮರದಲ್ಲಿ ಗೂಡು ಕಟ್ಟಿದ ಹಕ್ಕಿಯನ್ನು ನೋಡಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಟ್ಯೂಬಿಗೆ ಮಾತ್ರ ಹಗಲು ಶತ್ರು. ಚಾಲೂ ಇರುವ ಟ್ಯೂಬಿಗೆ ಬಿಸಿಲು ಬಿದ್ದರೆ ಹಾಳಾದಂತೆಯೇ. ಮುಚ್ಚಳವನ್ನು ಎಂದೂ ಕಳೆದುಕೊಳ್ಳಬೇಡಿ.

ಇನ್ನು ಥರ್ಮಲ್. ಇದರ ಬೇರು 1800ನೇ ಇಸವಿಯಲ್ಲಿದೆ. ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದಲ್ಲಿ ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದ. ಕೆಂಪಿನಾಚೆ, ಏನೂ ಕಾಣದ ಜಾಗದಲ್ಲಿಟ್ಟ ಉಷ್ಣಮಾಪಕವೂ ಏರಿತು. ಅವಗೆಂಪು, ಅಂದರೆ ಇನ್‌ಫ್ರಾರೆಡ್ ಕಿರಣಗಳು ಗೊತ್ತಾದದ್ದು ಹಾಗೆ. ಬಿಸಿ ಇರುವ ಪ್ರತಿ ವಸ್ತುವೂ ಇಂಥ ಕಿರಣ ಸೂಸುತ್ತದೆ. ನಮ್ಮ ಮೈ ಅತಿ ಹೆಚ್ಚು ಸೂಸುವುದು 9ರಿಂದ 10 ಮೈಕ್ರಾನ್ ತರಂಗಾಂತರದಲ್ಲಿ, ಕಣ್ಣಿಗೆ ಕಾಣುವ ಬೆಳಕಿಗಿಂತ ಹದಿನೈದಿಪ್ಪತ್ತು ಪಟ್ಟು ಉದ್ದದ ಅಲೆ. ಥರ್ಮಲ್ ಕ್ಯಾಮೆರಾದ ಪ್ರತಿ ಪಿಕ್ಸೆಲ್ ಒಂದು ಪುಟ್ಟ ತೆಳು ತಟ್ಟೆ. ಕಿರಣ ಬಿದ್ದರೆ ಕಾಯುತ್ತದೆ, ಕಾದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಅದನ್ನು ಅಳೆದು ಚಿತ್ರ ಕಟ್ಟುತ್ತಾರೆ. ಒಳ್ಳೆಯ ಸೆನ್ಸರ್ ಡಿಗ್ರಿಯ ನಲವತ್ತನೇ ಒಂದು ಭಾಗದ ವ್ಯತ್ಯಾಸವನ್ನೂ ಹಿಡಿಯುತ್ತದೆ. ಹೊರಗಿನ ಬೆಳಕು ಇದಕ್ಕೆ ಬೇಕಾಗಿಯೇ ಇಲ್ಲ. ಆಗಾಗ ಕೇಳುವ ಈ ‘ಟಿಕ್’ ಸದ್ದು, ಒಳಗಿನ ಪುಟ್ಟ ಶಟರ್ ಮುಚ್ಚಿ ಸೆನ್ಸರನ್ನು ಸರಿಹೊಂದಿಸಿಕೊಳ್ಳುವ ಸದ್ದು. ಕೆಟ್ಟಿದೆ ಎಂದು ಗಾಬರಿಪಡಬೇಡಿ.

ಈಗ ಕಿಟಕಿಯ ಬಳಿ ಬಂದಿದ್ದೇನೆ. ಗಾಜಿನಾಚೆ ಗೆಳೆಯ ನಿಂತಿದ್ದಾನೆ, ಥರ್ಮಲ್‌ನಲ್ಲಿ ಅವನಿಲ್ಲ. ಕಾಣುತ್ತಿರುವುದು ನನ್ನದೇ ಪ್ರತಿಬಿಂಬ. ಈ ಕಿರಣಗಳಿಗೆ ಸಾಮಾನ್ಯ ಗಾಜು ಗೋಡೆಯಿದ್ದಂತೆ. ಅದಕ್ಕೇ ಥರ್ಮಲ್‌ಗೆ ಜರ್ಮೇನಿಯಂನಂಥ ವಸ್ತುವಿನ ಲೆನ್ಸ್ ಬೇಕು, ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಕಾರಿನೊಳಗೆ ಕುಳಿತು ಗಾಜಿನ ಮೂಲಕ ನೋಡುವ ಯೋಚನೆ ಇದ್ದರೆ ಥರ್ಮಲ್ ಬೇಡ.

ಕೊಳ್ಳುವವರು ಮೋಸಹೋಗುವ ಜಾಗ ಯಾವುದು ಗೊತ್ತೇ? ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ದೂರ. ಅದೊಂದನ್ನು ನಂಬಿ ಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕುಳಿತು ಲೆಕ್ಕ ಹಾಕೋಣ. ಸೆನ್ಸರ್ 640 ಪಿಕ್ಸೆಲ್ ಅಗಲ, ಒಂದೊಂದು ಪಿಕ್ಸೆಲ್ 12 ಮೈಕ್ರಾನ್, ಲೆನ್ಸ್ 35 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 12 ಮೈಕ್ರಾನ್ ಅನ್ನು 35 ಮಿಲಿಮೀಟರಿನಿಂದ ಭಾಗಿಸಿ ದೂರದಿಂದ ಗುಣಿಸಿದರೆ, ಒಂದು ಪಿಕ್ಸೆಲ್ ಎಷ್ಟು ಜಾಗ ಆವರಿಸುತ್ತದೆ ಎಂಬುದು ಸಿಗುತ್ತದೆ. 100 ಮೀಟರ್ ದೂರದಲ್ಲಿ ಸುಮಾರು 3.4 ಸೆಂಟಿಮೀಟರ್, 500 ಮೀಟರ್ ದೂರದಲ್ಲಿ 17 ಸೆಂಟಿಮೀಟರ್. ಅಂದರೆ ಅರ್ಧ ಕಿಲೋಮೀಟರ್ ಆಚೆ ನಿಂತ ಆಳೆತ್ತರದ ಮನುಷ್ಯ ಹತ್ತು ಪಿಕ್ಸೆಲ್ ಎತ್ತರ, ಮೂರು ಪಿಕ್ಸೆಲ್ ಅಗಲ. ಅಲ್ಲೇನೋ ಇದೆ ಎನ್ನಲು ಅಷ್ಟು ಸಾಕು. ಯಾರು, ಕೈಯಲ್ಲಿ ಏನಿದೆ ಎಂದು ಹೇಳಲು ಸಾಕಾಗದು.

1958ರಲ್ಲಿ ಜಾನ್ ಜಾನ್ಸನ್ ಎಂಬ ಅಮೆರಿಕದ ಸೇನಾ ವಿಜ್ಞಾನಿ ಇದಕ್ಕೊಂದು ಅಳತೆಗೋಲು ಕೊಟ್ಟ. ಅದನ್ನು ಪಿಕ್ಸೆಲ್ ಭಾಷೆಗೆ ತಂದರೆ, ವಸ್ತುವಿನ ಕಿರಿದಾದ ಬದಿಯ ಮೇಲೆ ಎರಡು ಪಿಕ್ಸೆಲ್ ಬಿದ್ದರೆ ‘ಇದೆ’ ಎನ್ನಬಹುದು, ಖಚಿತವಾಗಿ ಗುರುತಿಸಲು ಹದಿಮೂರರ ಹತ್ತಿರ ಬೇಕು. ಪೆಟ್ಟಿಗೆಯ ಮೇಲಿರುವುದು ಬಹುತೇಕ ಆ ‘ಇದೆ’ಯ ದೂರ. ನಮ್ಮ ಲೆಕ್ಕದ ಸಾಧನದಲ್ಲಿ ಮನುಷ್ಯನನ್ನು ಗುರುತಿಸುವ ದೂರ 110 ಮೀಟರಿಗೆ ಇಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ಪಿಕ್ಸೆಲ್ ಸಂಖ್ಯೆ, ಪಿಕ್ಸೆಲ್ ಗಾತ್ರ, ಲೆನ್ಸ್. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನೂ ಕೇಳಿ. ರಫ್ತು ನಿಯಮಗಳ ಕಾರಣಕ್ಕೆ 9 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ಒಂಬತ್ತು ಚಿತ್ರಕ್ಕೆ, ಇಳಿಸಿದ ಸಾಧನಗಳು ಮಾರುಕಟ್ಟೆಯಲ್ಲಿವೆ. ಗೋಡೆಯ ಸೋರಿಕೆ ನೋಡಲು ಅವು ಧಾರಾಳ ಸಾಕು. ಓಡುವ ಪ್ರಾಣಿಯ ಹಿಂದೆ ತಿರುಗಿಸಿದರೆ ಚಿತ್ರ ತಡೆತಡೆದು ಜಿಗಿಯುತ್ತದೆ.

ಹವಾಮಾನದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ತೆಳು ಹೊಗೆ, ಚದುರಿದ ಎಲೆಮರೆ ಇದ್ದರೆ ಥರ್ಮಲ್ ಗೆಲ್ಲುತ್ತದೆ. ದಟ್ಟ ಮಂಜು, ಜೋರು ಮಳೆಯಲ್ಲಿ ಎರಡೂ ಸೋಲುತ್ತವೆ. ಮಂಜಿನಲ್ಲಿ ಇನ್‌ಫ್ರಾರೆಡ್ ದೀಪ ಹಚ್ಚಿದರಂತೂ ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ದಿನಕ್ಕೆರಡು ಬಾರಿ, ಬೆಳಗ್ಗೆ ಮತ್ತು ಸಂಜೆ, ಕಲ್ಲು ಮಣ್ಣು ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಿಸಿಗೆ ಬರುತ್ತವೆ. ಆಗ ಥರ್ಮಲ್ ಚಿತ್ರದ ಹಿನ್ನೆಲೆ ಸಪ್ಪೆಯಾಗುತ್ತದೆ.

ನಡೆಯುವುದು ಬೇರೆಯೇ ಸಂಗತಿ. ಥರ್ಮಲ್ ಹಿಡಿದು ಕಾಡುದಾರಿಯಲ್ಲಿ ನಾನು ನಡೆದು ನೋಡಿದ್ದೇನೆ. ಎದುರಿನ ಕಲ್ಲೂ ಗುಂಡಿಯೂ ಒಂದೇ ಬೂದು. ಕೈಯಲ್ಲಿ ಹಿಡಿಯುವ ಥರ್ಮಲ್‌ಗಳ ನೋಟದ ಅಗಲ ಹತ್ತು ಹನ್ನೆರಡು ಡಿಗ್ರಿ ಇರಬಹುದು, ತಲೆಗೆ ಕಟ್ಟುವ ಟ್ಯೂಬಿನದು ಸಾಮಾನ್ಯವಾಗಿ ನಲವತ್ತು. ಟ್ಯೂಬಿನಲ್ಲಿ ಎಲೆಯ ನರ, ತಂತಿಬೇಲಿ, ನೀರಿನ ಹೊಳಪು ಎಲ್ಲವೂ ಇದೆ. ಮತ್ತೆ ನಕ್ಷತ್ರಗಳು! ಬರಿಗಣ್ಣಿಗೆ ಖಾಲಿ ಕಂಡ ಜಾಗದಲ್ಲಿ ಅಕ್ಕಿ ಚೆಲ್ಲಿದ ಹಾಗೆ. ಅದನ್ನು ಕಂಡವರು ಟ್ಯೂಬಿನ ಬೆಲೆಯ ಬಗ್ಗೆ ತಕರಾರು ಎತ್ತುವುದಿಲ್ಲ.

ಒಂದೇ ಕೊಳ್ಳಲು ಸಾಧ್ಯವಿದ್ದರೆ? ಪ್ರಾಣಿ ಹುಡುಕುವವರಿಗೆ, ಜಾನುವಾರು ಕಾಯುವವರಿಗೆ, ಕಳೆದುಹೋದವರನ್ನು ಅರಸುವವರಿಗೆ ನಾನು ಥರ್ಮಲ್ ಎನ್ನುತ್ತೇನೆ. ರಾತ್ರಿ ನಡೆಯುವವರಿಗೆ, ಆಕಾಶ ನೋಡುವವರಿಗೆ ಟ್ಯೂಬು. ಅಂಗಳ ನೋಡಿಕೊಳ್ಳಲು ಡಿಜಿಟಲ್. ಕೊಳ್ಳುವ ಮೊದಲು ನಿಮ್ಮ ದೇಶದ ಕಾನೂನು ನೋಡಿ. ಮೂರನೆಯ ತಲೆಮಾರಿನ ಟ್ಯೂಬುಗಳನ್ನು ಅಮೆರಿಕದಿಂದ ಹೊರಗೆ ಒಯ್ಯಲು ಪರವಾನಗಿ ಬೇಕು. ಬೇಟೆಯಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿದ ಕಡೆಗಳೂ ಇವೆ. ಬಿಳಿ ಚುಕ್ಕೆಯನ್ನು ನೋಡಿ ‘ಇದು ಇಂಥದ್ದೇ’ ಎಂದು ತೀರ್ಮಾನಿಸುವ ಯಾವ ಬಳಕೆಯೂ ನನಗೆ ಒಪ್ಪಿಗೆಯಿಲ್ಲ. ಆ ಮೊಲ ನನ್ನ ಕಣ್ಣಮುಂದೆ ಬರುತ್ತದೆ.

ನೆರೆಯವರ ಮನೆಯ ಕಡೆಗೂ ತಿರುಗಿಸಬೇಡಿ. ಥರ್ಮಲ್ ಗೋಡೆಯಾಚೆ ನೋಡುವುದಿಲ್ಲ, ನಿಜ. ಆದರೆ ಗೋಡೆಯ ಬಿಸಿಯೂ ಒಳಗಿನ ಸಂಗತಿ ಹೇಳುತ್ತದೆ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈಲೋ ಮೊಕದ್ದಮೆಯಲ್ಲಿ, ಪೊಲೀಸರು ವಾರಂಟ್ ಇಲ್ಲದೆ ಮನೆಯೊಂದನ್ನು ಥರ್ಮಲ್‌ನಲ್ಲಿ ನೋಡಿದ್ದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಪೊಲೀಸರಿಗೆ ಸಲ್ಲದ್ದು ನಮಗೆ ಸಲ್ಲುತ್ತದೆಯೇ?

ಈಗ ಬಯಲಿಗೆ ಬಂದಿದ್ದೇನೆ, ಅದೇ ಬಯಲು. ಅರ್ಧಚಂದ್ರ ಇದ್ದಾನೆ, ದೀಪ ಹಚ್ಚುವುದಿಲ್ಲ. ಥರ್ಮಲ್‌ನಲ್ಲಿ ನೋಡಿ, ಒಣಮರದ ಮೂರನೇ ಕೊಂಬೆಯಲ್ಲಿ ಒಂದು ಬಿಸಿ ಗುಂಡು. ಅದನ್ನು ಕೆಳಗಿಟ್ಟು ಗೆಳೆಯನ ಟ್ಯೂಬನ್ನು ಕಣ್ಣಿಗೆ ಹಿಡಿಯುತ್ತಿದ್ದೇನೆ. ದುಂಡು ಮುಖ, ಎದೆಯ ಮೇಲೆ ಸಣ್ಣ ಸಣ್ಣ ಚುಕ್ಕೆ. ಗೂಬೆ. ಕತ್ತು ಇತ್ತ ತಿರುಗಿಸಿತು. ನಮ್ಮನ್ನು ಆಗಲೇ ಕಂಡಿದೆ. ಸದ್ದಿಲ್ಲದೆ ರೆಕ್ಕೆ ಬಿಚ್ಚಿತು, ಹೋಯಿತು.