ಸ್ಕಾಲರ್‌ಶಿಪ್ ಮಂಜೂರಾಗಿದೆ, ದುಡ್ಡು ಬಂದಿಲ್ಲ: ಎಲ್ಲಿ ನಿಂತಿದೆ ಅಂತ ಹುಡುಕೋದು ಹೇಗೆ?

[ದೃಶ್ಯ: ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್, ಬಸ್ಸಿಂದ ಇಳಿಯುತ್ತಿರುವ ವಿದ್ಯಾರ್ಥಿಗಳು]

ನಮಸ್ಕಾರ. ಜಗಳೂರು, ಚನ್ನಗಿರಿ, ಮೊಳಕಾಲ್ಮೂರು, ಹೊಸದುರ್ಗದ ಹಳ್ಳಿಗಳಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಓದೋಕೆ ಬರೋ ಮಕ್ಕಳು ಎಸ್‌ಎಸ್‌ಪಿ, ಅಂದ್ರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿರ್ತಾರೆ. ಸ್ಟೇಟಸ್‌ನಲ್ಲಿ ಮಂಜೂರು ಅಂತ ತೋರಿಸುತ್ತೆ, ಪಾಸ್‌ಬುಕ್ಕಲ್ಲಿ ಮಾತ್ರ ಏನೂ ಇಲ್ಲ. ಅಷ್ಟರಲ್ಲಿ ಪರೀಕ್ಷೆ ಶುಲ್ಕ ಕಟ್ಟೋ ದಿನ ಬಂದಿರುತ್ತೆ, ಮನೇಲಿ ಕೈಸಾಲಕ್ಕೆ ಓಡಾಡ್ತಿರ್ತಾರೆ. ಹಾಗಾಗಿ ಮೊದಲು ಬ್ಯಾಂಕಿನ ವಿಷಯಕ್ಕೇ ಬರೋಣ.

[ತೆರೆಯ ಮೇಲೆ: ಆಧಾರ್ ಕಾರ್ಡ್‌ನಿಂದ ಒಂದೇ ಒಂದು ಬ್ಯಾಂಕಿಗೆ ಬಾಣ]

ಈ ದುಡ್ಡು ನಿಮ್ಮ ಖಾತೆ ನಂಬರ್ ಹುಡುಕಿಕೊಂಡು ಬರಲ್ಲ, ಆಧಾರ್ ನಂಬರ್ ಹಿಡಿದು ಬರುತ್ತೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನೋ ಪಟ್ಟಿ ಎನ್‌ಪಿಸಿಐ, ಅಂದ್ರೆ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇರುತ್ತೆ. ಒಂದು ಆಧಾರ್‌ಗೆ ಒಂದು ಸಲಕ್ಕೆ ಒಂದೇ ಬ್ಯಾಂಕ್. ಕೊನೇ ಸಲ ಯಾವ ಬ್ಯಾಂಕಲ್ಲಿ ಒಪ್ಪಿಗೆ ಕೊಟ್ಟಿರೋ ಹಣ ಅಲ್ಲಿಗೇ ಹೋಗುತ್ತೆ. ಮಧ್ಯದಲ್ಲಿ ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆಗೆಸಿದ್ರೆ ಈ ಪಟ್ಟಿಯಲ್ಲಿನ ಜೋಡಣೆ ಆ ಕಡೆ ಸರಿದಿರಬಹುದು. ಎಷ್ಟೋ ಸಲ ಹಣ ಅಲ್ಲಿ ಬಂದು ಕೂತಿರುತ್ತೆ, ನೀವು ನೋಡ್ತಿರೋದು ಬೇರೆ ಪಾಸ್‌ಬುಕ್.

"ನಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆಯಲ್ಲ" ಅಂತ ಬಹಳ ಜನ ಹೇಳ್ತಾರೆ. ಕೆವೈಸಿಗೆ, ಅಂದ್ರೆ ಗುರುತಿನ ದಾಖಲೆಯಾಗಿ ಆಧಾರ್ ಕೊಟ್ಟಿರೋದು ಒಂದು, ಸರ್ಕಾರದ ಹಣ ಪಡೆಯೋಕೆ ಎನ್‌ಪಿಸಿಐ ಜೋಡಣೆ (ಸೀಡಿಂಗ್) ಮಾಡಿಸೋದು ಇನ್ನೊಂದು. ನೋಡಿಕೊಳ್ಳೋದು ಸುಲಭ: ಮೈಆಧಾರ್ ವೆಬ್‌ಸೈಟಿಗೆ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು ಬಂದು ಪಕ್ಕದಲ್ಲಿ 'ಆಕ್ಟಿವ್' ಅಂತಿರಬೇಕು. ಇಲ್ಲದಿದ್ರೆ ನಿಮ್ಮ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಅರ್ಜಿ ಬರೆದುಕೊಡಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ. ಕೌಂಟರಿನಲ್ಲಿ 'ಆಯ್ತು' ಅಂದದ್ದನ್ನೇ ನಂಬಿ ಕೂರಬೇಡಿ.

ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗಿರುತ್ತೆ. ಪೂರ್ತಿ ಕೆವೈಸಿ ಇಲ್ಲದೆ ತೆಗೆದ 'ಸಣ್ಣ ಖಾತೆ'ಯಲ್ಲಿ ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚು ಇರೋಹಾಗಿಲ್ಲ, ಸರ್ಕಾರದ ಅನುದಾನ, ನೆರವಿನ ಹಣಕ್ಕೆ ಮಾತ್ರ ಈ ಮಿತಿ ಲೆಕ್ಕಕ್ಕಿಲ್ಲ.  ಆದರೂ ಮೊದಲೇ ಕೆವೈಸಿ ಮಾಡಿಸಿ.

[ತೆರೆಯ ಮೇಲೆ: 60 : 40]

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳು ಇದನ್ನ ಗಮನವಿಟ್ಟು ಕೇಳಿ. ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷದೊಳಗಿದ್ದರೆ ಸಿಗೋ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲೇ ಕೇಂದ್ರದ್ದು ಬರೋದು. ಅದಕ್ಕೇ ಎರಡು ಕಂತು, ನಡುವೆ ಅಂತರ. ಒಂದು ಕಂತು ಬಂತು ಅಂದರೆ ಇನ್ನೊಂದು ರದ್ದಾಗಿದೆ ಅಂತ ಅಲ್ಲ. ಕೇಂದ್ರದ ಪಾಲು ನೇರ ನಿಮ್ಮ ಖಾತೆಗೆ ಬೀಳುತ್ತೆ, ಅದರಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತೆ. ಬಂದ 7 ದಿನದೊಳಗೆ ಶುಲ್ಕ ಕಾಲೇಜಿಗೆ ಕಟ್ಟಬೇಕು. ಮನೆ ಖರ್ಚಿಗೆ ಬಳಸಿಬಿಟ್ಟರೆ ಆಮೇಲೆ ತೊಂದರೆ ನಿಮಗೇ. 2021ರ ಮಾರ್ಗಸೂಚಿಯ ಪ್ರಕಾರ ಶುಲ್ಕದ ಜೊತೆ ಬರೋ ನಿರ್ವಹಣಾ ಭತ್ಯೆ ಬಿಇ ಓದೋರಿಗೆ ವರ್ಷಕ್ಕೆ ಹಾಸ್ಟೆಲ್‌ನಲ್ಲಿದ್ದರೆ 13,500, ಮನೆಯಿಂದ ಓಡಾಡಿದರೆ 7,000. ಬಿಎ, ಬಿಎಸ್ಸಿಗೆ 6,000 ಮತ್ತು 3,000. ಹಾಜರಾತಿ ಶೇಕಡಾ 75 ಇರಬೇಕು.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ: ಊಟ, ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳ ನೆರವು.

[ದೃಶ್ಯ: ನಾಡಕಚೇರಿಯ ಕಿಟಕಿ]

ದುಡ್ಡು ಮಂಜೂರೇ ಆಗದಿದ್ದರೆ ದಾಖಲೆ ನೋಡಿ. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತೆ. ಪಿಯುಸಿಗೆ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲಿ ಮುಗಿದಿರಬಹುದು, ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಹಾಕೋ ಮುಂಚೆ ದಿನಾಂಕ ನೋಡಿಕೊಳ್ಳಿ. ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರೋ ಹೆಸರಿನ ಕಾಟ ನಮ್ಮ ಕಡೆ ಜಾಸ್ತಿ. ತಿಪ್ಪೇಸ್ವಾಮಿ ಅನ್ನೋದನ್ನ ಇಂಗ್ಲಿಷಿನಲ್ಲಿ ಬರೀ 'ಟಿ' ಹಾಕಿ ಬರೆಯೋರಿದ್ದಾರೆ, 'ಟಿ ಎಚ್' ಹಾಕೋರೂ ಇದ್ದಾರೆ. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸೋದು ಒಳ್ಳೆಯದು. ಆಧಾರ್‌ನಲ್ಲಿ ಹೆಸರು ತಿದ್ದಿಸೋಕೆ ಇರೋದು ಎರಡೇ ಅವಕಾಶ, ಅಕ್ಷರ ಅಕ್ಷರ ನೋಡಿಯೇ ಒಪ್ಪಿಗೆ ಕೊಡಿ.

ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಪೋಷಕರ ಎಫ್‌ಐಡಿ, ಅಂದ್ರೆ ರೈತರ ಗುರುತಿನ ಸಂಖ್ಯೆ ಬೇಕು, ಅದನ್ನ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಅದನ್ನ ವಾರಸುದಾರರ ಹೆಸರಿಗೆ ಬದಲಿಸೋ ಪೌತಿ ಖಾತೆ ಮಾಡಿಸೋಕೆ ಸಮಯ ಹಿಡಿಯುತ್ತೆ, ಮಗ ಪಿಯುಸಿಯಲ್ಲಿರುವಾಗಲೇ ಶುರು ಮಾಡಿ.

ಇಷ್ಟೆಲ್ಲ ಸರಿಯಿದ್ದೂ ಹಣ ಬರದಿದ್ದರೆ ಎಸ್‌ಎಸ್‌ಪಿ ಐಡಿ, ಸ್ಟೇಟಸ್ ಪುಟದ ಪ್ರಿಂಟ್, ಬ್ಯಾಂಕ್ ಸೀಡಿಂಗ್ ಪುಟದ ಪ್ರಿಂಟ್, ಈ ಮೂರನ್ನೂ ಹಿಡಿದು ನಿಮ್ಮ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ. ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.