ಹೋಮ್, ಹೌಸ್ ಮತ್ತು ನಮ್ಮನೆ

ನಮಸ್ಕಾರ. ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಈಗ ಕಾಣುತ್ತಿರುವುದು ನಮ್ಮ ಗೇಟು. ಬೋರ್ಡಿನಲ್ಲಿ ‘ಹೋಮ್‌ಸ್ಟೇ’ ಅಂತ ಬರೆದಿದೆ. ಹೋದ ವಾರ ಇಲ್ಲಿ ಉಳಿದಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅಕ್ಕಿ ರೊಟ್ಟಿ ತಿನ್ನುತ್ತಾ ಕೇಳಿದಳು: “ಆಂಟಿ, ಹೋಮ್‌ಗೂ ಹೌಸ್‌ಗೂ ಕನ್ನಡದಲ್ಲಿ ಬೇರೆ ಬೇರೆ ಪದ ಇಲ್ವಾ? ಎರಡಕ್ಕೂ ಮನೆ ಅಂತಲೇ ಅಂದರೆ ಹೇಗೆ?” ತಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಹೌಸ್ ಅಂದರೆ ಕಟ್ಟಡ. ಗೋಡೆ, ಸೂರು, ಬಾಗಿಲು. ಅದು ಸುಲಭ. ಹೋಮ್ ಹಾಗಲ್ಲ. ಅದು ಬಹಳ ಹಳೆಯ ಪದ. ಹಳೆಯ ಇಂಗ್ಲಿಷಿನಲ್ಲಿ ‘ಹಾಮ್’ ಅನ್ನುತ್ತಿದ್ದರು. ಮನೆಯ ಜೊತೆಗೆ ಹಳ್ಳಿ, ಜನ ನೆಲೆಸಿದ ಜಾಗ ಅನ್ನುವ ಅರ್ಥವೂ ಅದಕ್ಕಿತ್ತು. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಅನ್ನುವ ಊರ ಹೆಸರುಗಳ ಕೊನೆಯಲ್ಲಿರುವ ‘ಹ್ಯಾಮ್’ ಅದೇ. ಇದು ಗೊತ್ತಾದಾಗ ತುಂಬಾ ಖುಷಿಯಾಯಿತು. ನಾವೂ ಹಾಗೇ ಅಲ್ವಾ? ಬೆಂಗಳೂರಿನಲ್ಲಿರುವ ನನ್ನ ತಮ್ಮ ಫೋನ್ ಮಾಡಿದಾಗ “ಹಬ್ಬಕ್ಕೆ ಊರಿಗೆ ಬರ್ತೀನಕ್ಕಾ” ಅಂತಾನೆ. ಆ ‘ಊರು’ ಇದೆಯಲ್ಲ, ಅದೇ ಹೋಮ್.

ಲೂಡೋದಲ್ಲೂ ನಡುವಿನ ಜಾಗ ಹೋಮ್. ನಮ್ಮ ಚೌಕಾಬಾರದಲ್ಲಿ ಪ್ರತಿ ಚೌಕವೂ ಮನೆಯೇ. ಕಾಯಿ ನಡುವಿನ ಮನೆ ಸೇರಿತೋ, ಹಣ್ಣಾಯಿತು! ನನಗೆ ಈ ಮಾತೇ ಜಾಸ್ತಿ ಇಷ್ಟ.

ಆದರೆ ಆ ಹುಡುಗಿಗೆ ಹೇಳಬೇಕಾಗಿದ್ದ ಉತ್ತರ ಸಿಕ್ಕಿದ್ದು ಮೊನ್ನೆ, ಪಾತ್ರೆ ತೊಳೆಯುವಾಗ. ನಮ್ಮಲ್ಲಿ ಎರಡು ಪದ ಇಲ್ಲದಿದ್ದರೇನು, ಮುಂದೆ ಬರುವ ಕ್ರಿಯಾಪದ ಎಲ್ಲಾ ಹೇಳುತ್ತದೆ. ಮನೆ ಕಟ್ಟಿದರು, ಮನೆ ಕೆಡವಿದರು, ಮನೆಗೆ ಹೆಂಚು ಹೊದಿಸಿದರು. ಇದು ಹೌಸ್. ಕುಶಾಲನಗರದಲ್ಲಿ ಮನೆ ಮಾಡಿದ್ದಾರೆ, ಅಕ್ಕನೇ ಮನೆ ನಡೆಸುತ್ತಾಳೆ, ಯಾರದೋ ಮಾತಿಗೆ ಮನೆ ಮುರಿಯಿತು. ಇಲ್ಲಿ ಒಂದು ಇಟ್ಟಿಗೆಯೂ ಅಲುಗಿಲ್ಲ. ‘ನಮ್ಮ ಮನೆಯವರು’ ಅಂದರೆ ಗಂಡ ಅಥವಾ ಹೆಂಡತಿ. ಇನ್ನು ‘ತವರುಮನೆ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿ ನೋಡಿ. ನನ್ನ ತವರು ಸೋಮವಾರಪೇಟೆ, ಇಲ್ಲಿಂದ ದೂರವೇನಲ್ಲ. ಆದರೂ ಆ ಪದ ಬಾಯಿಗೆ ಬಂದರೆ ಗಂಟಲು ಕಟ್ಟುತ್ತದೆ. ಒಂದು ಗಮನಿಸಿದ್ದೀರಾ? ಒಬ್ಬರೇ ಇದ್ದರೂ ನಾವು ಹೇಳುವುದು ‘ನಮ್ಮನೆಗೆ ಬನ್ನಿ’ ಅಂತಲೇ.

ಈ ಕ್ಲಿಪ್ ಹೋದ ಪುತ್ತರಿಯದು, ಅಂದರೆ ಕೊಡಗಿನ ಸುಗ್ಗಿ ಹಬ್ಬದ್ದು. ಗೆಳತಿಯ ಐನ್‌ಮನೆ. ಇದು ಕೊಡವರ ಒಕ್ಕದ, ಅಂದರೆ ಇಡೀ ಕುಲದ ಹಿರಿಯರ ಮನೆ. ಮುಂದಿನ ಜಗಲಿ ಕಯ್ಯಾಲೆ. ಕೂರಲು ಅಗಲವಾದ ಹಲಗೆ, ಅದು ಐಮರ. ಒಳಗೆ ದೀಪ ಹಚ್ಚುವ ನಡುಮನೆಗೆ ನೆಲ್ಲಕ್ಕಿ ನಡುಬಾಡೆ ಅನ್ನುತ್ತಾರೆ. ಗೆಳತಿ ಇಲ್ಲಿ ಒಂದು ವರ್ಷವೂ ವಾಸ ಮಾಡಿಲ್ಲ. ಅವಳ ಮನೆ ಇರುವುದು ಮೈಸೂರಿನಲ್ಲಿ. ಆದರೂ ಕದಿರು ತೆಗೆಯುವ ರಾತ್ರಿ ಬಂದು ಸೇರುವುದು ಇಲ್ಲಿಗೇ. ‘ಒಕ್ಕ’ ಅಂದಾಗ ನನಗೆ ಮಂಗಳೂರು ಕಡೆಯ ‘ಮನೆ ಒಕ್ಕಲು’ ನೆನಪಾಯಿತು. ಗೃಹಪ್ರವೇಶಕ್ಕೆ ಅವರು ಹೇಳುವ ಮಾತು. ಎರಡೂ ಒಂದೇ ಬೇರಿನ ಪದಗಳು. ಕಟ್ಟಿ ಮುಗಿಸಿದರೆ ಸಾಲದು, ಜನ ಒಕ್ಕಲಾಗಬೇಕು.

ಹಾಗಾದರೆ ಕಟ್ಟಡವೇ ಹೋದರೆ?

ನಮ್ಮ ರಸ್ತೆಯ ಕೊನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅವರ ಮನೆ ಪೂರ್ತಿ ಮಣ್ಣಿನಡಿ ಸೇರಿತು. ಅವರೆಲ್ಲ ಹಿಂದಿನ ದಿನವೇ ಹೊರಟು ಬಂದಿದ್ದರು, ಜೀವ ಉಳಿಯಿತು. ಈಗ ಮಗ ಕಟ್ಟಿಸಿದ ಮನೆಯಲ್ಲಿದ್ದಾರೆ. ಗಟ್ಟಿ ಗೋಡೆ, ಟೈಲ್ಸ್ ನೆಲ, ನಲ್ಲಿಯಲ್ಲಿ ನೀರು. ಅಜ್ಜಿ ಅದನ್ನು ‘ಮಗನ ಮನೆ’ ಅನ್ನುತ್ತಾರೆ. ನಿನ್ನೆ ನನ್ನ ಕೈ ಹಿಡಿದು, “ಆ ಕಡೆ ಹೋದರೆ ಮನೆ ಹತ್ತಿರದ ಹಲಸು ಬಿಟ್ಟಿದೆಯಾ ನೋಡಿ ಬಾ ಮಗಳೇ” ಅಂದರು.

ಯಾವ ಮನೆ ಅಂತ ನಾನು ಕೇಳಲಿಲ್ಲ.

ಮಳೆ ಸ್ವಲ್ಪ ಕಡಿಮೆಯಾದಂತಿದೆ. ಕೊಡೆ, ಒಂದು ಚೀಲ, ಕತ್ತಿ ಗಾಡಿಯಲ್ಲಿ ಇಟ್ಟಿದ್ದೇನೆ. ಹಣ್ಣು ಸಿಕ್ಕರೆ ಸಂಜೆಯೊಳಗೆ ಅಜ್ಜಿಗೆ ತಲುಪಿಸಬೇಕು. ಬನ್ನಿ, ಹೊರಡೋಣ.