ಎರಡನೇ ಡಬ್ಬಿ ಎಲ್ಲಿಡಬೇಕು?

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ನಮ್ಮವರ ಫ್ಲ್ಯಾಟುಗಳಲ್ಲಿ ಈಗ ಒಂದೇ ದೂರು. ಹಾಲಿನಲ್ಲಿ ವೈಫೈ ಓಡುತ್ತದೆ, ಒಳಗಿನ ಬೆಡ್‌ರೂಮಿನಲ್ಲಿ ತೆವಳುತ್ತದೆ. ಮಗಳಿಗೆ ವರ್ಕ್ ಫ್ರಮ್ ಹೋಮ್, ಮೊಮ್ಮಗನಿಗೆ ಆನ್‌ಲೈನ್ ಕ್ಲಾಸು. ಸರಿ ಎಂದು ಮೂರು ಡಬ್ಬಿಗಳ ಮೆಶ್ ವೈಫೈ ತರುತ್ತಾರೆ, ಮನೆಯ ಬೇರೆ ಬೇರೆ ಕಡೆ ಇಟ್ಟು ಒಂದೇ ವೈಫೈಯನ್ನು ಹರಡುವ ಸೆಟ್ಟು ಅದು. ಆಮೇಲೂ ಬೆಡ್‌ರೂಮಿನ ಪಾಡು ಹಾಗೇ ಇರುತ್ತದೆ. ಆಗ ಫೋನ್ ಬರುತ್ತದೆ, "ಅಣ್ಣಾ, ಸ್ವಲ್ಪ ಬಂದು ನೋಡ್ತೀರಾ?"

ಹೋದ ಕೂಡಲೇ ನಾನು ಮಾಡುವ ಕೆಲಸ, ಒಂದು ಡಬ್ಬಿಯ ಪ್ಲಗ್ ಕಿತ್ತಿಡುವುದು. ಮನೆಯವರಿಗೆ ಬೇಜಾರಾಗುತ್ತದೆ, ದುಡ್ಡು ಕೊಟ್ಟು ತಂದದ್ದಲ್ವಾ! ಆದರೆ ಮುಂಬೈಯ ಟೂ ಬಿಎಚ್‌ಕೆಗೆ ಮೂರು ಡಬ್ಬಿ ಜಾಸ್ತಿಯೇ. ತಂತಿ ಇಲ್ಲದೆ ಜೋಡಿಸಿದ ಡಬ್ಬಿಗಳು ಒಂದರಿಂದ ಒಂದು ಡೇಟಾ ಪಡೆದು ಮುಂದಕ್ಕೆ ಕಳಿಸುತ್ತವೆ. ಪಡೆಯುವುದಕ್ಕೂ ಕಳಿಸುವುದಕ್ಕೂ ಒಂದೇ ರೇಡಿಯೋ ಇದ್ದರೆ, ಪ್ರತಿ ಜಿಗಿತಕ್ಕೂ ವೇಗ ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಬೇರೆ. ವೈಫೈಯ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು, ಅಂದರೆ ಅಲೆಗಳು ಓಡುವ ದಾರಿಗಳು, ಮೂರೇ: 1, 6 ಮತ್ತು 11. ಒಂದು ವಿಂಗ್‌ನಲ್ಲಿರುವ ಅಷ್ಟೂ ಮನೆಗಳು ಆ ಮೂರನ್ನೇ ಹಂಚಿಕೊಳ್ಳಬೇಕು.

ಡಬ್ಬಿಗಳನ್ನು ಅತ್ತಿತ್ತ ಸರಿಸುವ ಮೊದಲು ತಪ್ಪು ಮೆಶ್‌ನದೇ ಹೌದಾ ಎಂದು ನೋಡಿ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ಮೋಡೆಮ್‌ಗೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಪ್ಲಾನ್ 300 ಎಂಬಿಪಿಎಸ್‌ನದು, ಟೆಸ್ಟ್‌ನಲ್ಲಿ ಬರುವುದು ಮಾತ್ರ ಪ್ರತಿ ಸಲವೂ 94ರ ಆಸುಪಾಸು ಎಂದುಕೊಳ್ಳಿ. ಆಗ ಆ ಕೇಬಲ್ ಮೇಲೆ ಅನುಮಾನ ಪಡಿ. ಅದರೊಳಗೆ ಎಂಟು ಎಳೆ ತಂತಿ ಇರುತ್ತವೆ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ತುದಿಯ ಕ್ಲಿಪ್ಪಿನಲ್ಲಿ ಒಂದು ಎಳೆ ಸರಿಯಾಗಿ ಕೂತಿಲ್ಲವೆಂದರೆ ಸಾಮಾನ್ಯವಾಗಿ ಲೈನು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ದೀಪ ಉರಿಯುತ್ತದೆ, ಇಂಟರ್‌ನೆಟ್ಟೂ ಬರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಕೇಬಲ್ ಹಾಕಿ ನೋಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಕೇಬಲ್‌ನಲ್ಲಿ ವೇಗ ಪೂರ್ತಿ ಬಂತಾ? ಹಾಗಾದರೆ ಎರಡನೇ ಡಬ್ಬಿಯ ಜಾಗ ನೋಡಬೇಕು. ಎಲ್ಲರೂ ಅದನ್ನು ಸಿಗ್ನಲ್ ಬಾರದ ಕೋಣೆಯಲ್ಲೇ ಇಡುತ್ತಾರೆ. ಸಿಗ್ನಲ್ ಬಾರದ ಕಡೆ ಇಟ್ಟರೆ ಆ ಡಬ್ಬಿಗಾದರೂ ಎಲ್ಲಿಂದ ಬರಬೇಕು ಹೇಳಿ! ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ, ಅರ್ಧ ದಾರಿಯಲ್ಲಿ ಇಡಿ. ಮೆಶ್‌ನ ಆ್ಯಪ್‌ನಲ್ಲಿ ಡಬ್ಬಿಯ ಸಿಗ್ನಲ್ ಅಂಕಿಯಲ್ಲಿ ಕಾಣಿಸಿದರೆ, ಮೈನಸ್ 60ರ ಸುತ್ತಮುತ್ತ ಇದ್ದರೆ ಒಳ್ಳೆಯದು. ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ಕಮ್ಮಿ, ಮೈನಸ್ 75ಕ್ಕಿಂತ ಕೆಳಗಿಳಿದರೆ ಕಷ್ಟ.

ಮಧ್ಯೆ ಏನೇನಿದೆ ಎಂದೂ ಗಮನಿಸಿ. ಸ್ಟೀಲ್ ಕಪಾಟು, ಆಳೆತ್ತರದ ಕನ್ನಡಿ, ಫ್ರಿಜ್ಜು ಎಲ್ಲವೂ ಅಡ್ಡಿಯೇ. ನಮ್ಮ ಊರಿನಲ್ಲಿ ಇನ್ನೊಂದಿದೆ, ಬಾತ್‌ರೂಮಿನ ಮೇಲಿನ ಲಾಫ್ಟ್‌ನಲ್ಲಿ ಕೂತಿರುವ ನೀರಿನ ಟ್ಯಾಂಕಿ. ನೀರು ಗಂಟೆ ನೋಡಿ ಬರುವ ಊರು, ಟ್ಯಾಂಕಿ ಇಡದೆ ವಿಧಿಯಿಲ್ಲ. ನೀರು ರೇಡಿಯೋ ಅಲೆಗಳನ್ನು ಹೀರಿಕೊಳ್ಳುತ್ತದೆ. ಹಾಲಿಗೂ ಬೆಡ್‌ರೂಮಿಗೂ ನಡುವೆ ಆ ಬಾತ್‌ರೂಮ್ ಇದ್ದರೆ ಡಬ್ಬಿಯನ್ನು ಪ್ಯಾಸೇಜಿನ ಕಡೆ ಸರಿಸಿ, ಅಲೆ ಬಾಗಿಲ ದಾರಿ ಹಿಡಿಯಲಿ. ವೈಫೈಯ ಇನ್ನೊಂದು ಬ್ಯಾಂಡ್ 5 ಗಿಗಾಹರ್ಟ್ಸ್ ವೇಗದ್ದು ನಿಜ, ಗೋಡೆ ಸಿಕ್ಕರೆ ಬೇಗ ಸೋಲುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಎರಡು ಡಬ್ಬಿಗಳ ನಡುವೆ ತಂತಿಯನ್ನೇ ಎಳೆಸುವುದು. ಲ್ಯಾನ್ ಕೇಬಲ್ 100 ಮೀಟರ್ ತನಕ ಹೋಗುತ್ತದೆ, ನಮ್ಮ ಫ್ಲ್ಯಾಟಿಗೆ 15 ಮೀಟರ್ ಸಿಕ್ಕರೂ ಧಾರಾಳ. ಗೋಡೆಯಂಚಿನಲ್ಲಿ ವೈರು ಕಾಣಿಸುತ್ತದೆ ಎಂದು ಮನೆಯಲ್ಲಿ ತಕರಾರು ಬರುತ್ತದೆ, ಅದನ್ನು ನೀವೇ ಬಗೆಹರಿಸಿಕೊಳ್ಳಿ.

ವೇಗ ಸರಿಯಿದೆ, ಆದರೆ ಫೋನಿಗೆ ಪ್ರಿಂಟರ್ ಕಾಣುವುದಿಲ್ಲ, ಟಿವಿ ಸಿಗುವುದಿಲ್ಲ ಎನ್ನುವವರಿದ್ದಾರೆ. ಅಲ್ಲಿ ರೂಟರ್ ಎರಡಾಗಿರುತ್ತದೆ. ಕಂಪನಿಯ ಮೋಡೆಮ್ ಕೂಡ ರೂಟರೇ, ಮೆಶ್‌ನ ಮೊದಲ ಡಬ್ಬಿಯೂ ರೂಟರೇ. ಪ್ರಿಂಟರ್ ಒಂದರ ಕೆಳಗೆ, ಫೋನ್ ಇನ್ನೊಂದರ ಕೆಳಗೆ ಸೇರಿಕೊಂಡಿರುತ್ತದೆ. ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಹಂಚುವ ಸೆಟ್ಟಿಂಗ್) ಹಾಕಿ, ಮೋಡೆಮ್‌ನ ವೈಫೈ ಆಫ್ ಮಾಡಿ. ಅದಕ್ಕೆ ಮುಂಚೆ ಪ್ರಿಂಟರ್, ಟಿವಿ ಎರಡನ್ನೂ ಮೆಶ್‌ಗೆ ಸೇರಿಸಿಕೊಳ್ಳಿ.

ಇನ್ನು ಫೋನಿನ ಹಟ. ಹಾಲಿನಿಂದ ಬೆಡ್‌ರೂಮಿಗೆ ಬಂದರೂ ಅದು ಹಾಲಿನ ಡಬ್ಬಿಯನ್ನೇ ಹಿಡಿದುಕೊಂಡಿರುತ್ತದೆ, ಲೋಕಲ್‌ನಲ್ಲಿ ವಿಂಡೋ ಸೀಟು ಸಿಕ್ಕವರ ಹಾಗೆ. ಯಾವ ಡಬ್ಬಿಗೆ ಹೋಗಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನೇ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹತ್ತಿರದ್ದಕ್ಕೆ ಬರುತ್ತದೆ. ದಿನಾ ಇದೇ ಗೋಳಾದರೆ ಡಬ್ಬಿಗಳು ತೀರಾ ಹತ್ತಿರ ಇವೆ ಎಂದೇ ಲೆಕ್ಕ.

ಆಗೊಮ್ಮೆ ಈಗೊಮ್ಮೆ 5 ಗಿಗಾಹರ್ಟ್ಸ್ ಒಂದು ನಿಮಿಷ ಮಾಯವಾಗಿ ಮತ್ತೆ ಬರುವುದುಂಟು. 52ರಿಂದ 144ರವರೆಗಿನ ಚಾನೆಲ್‌ಗಳು ರಾಡಾರ್‌ಗಳಿಗೂ ಸೇರಿದವು. ರಾಡಾರ್‌ನ ಸದ್ದು ಕೇಳಿದಂತಾದರೆ ರೂಟರ್ ಆ ಚಾನೆಲ್ ಬಿಟ್ಟು ಬೇರೆ ಹುಡುಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ 36 ಅಥವಾ 149 ಆರಿಸಿಕೊಟ್ಟರೆ ಆ ತಾಪತ್ರಯವಿಲ್ಲ.

ಮಳೆಗಾಲದಲ್ಲಿ ಮಾತ್ರ ಮೊದಲು ಮೋಡೆಮ್‌ನ ದೀಪ ನೋಡಿ. ಎಲ್‌ಒಎಸ್ ಎಂದು ಬರೆದಿರುವ ಕಡೆ ಕೆಂಪು ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ತಾರಸಿ ಮೇಲೆ ಎಳೆದ ವೈರು, ಗಾಳಿಗೆ ಎಲ್ಲೋ ತುಂಡಾಗಿರಬಹುದು. ಆಗ ರೂಟರ್ ರೀಸ್ಟಾರ್ಟ್ ಮಾಡುತ್ತಾ ಸುಮ್ನೆ ಕೂರಬೇಡಿ. ಕಂಪನಿಗೆ ಫೋನ್ ಮಾಡಿ "ಎಲ್‌ಒಎಸ್ ಲಾಲ್ ಹೈ" ಎಂದು ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ನಮಸ್ಕಾರ.